ಸಿಡಿದದ್ದು ಸಿಲಿಂಡರಲ್ಲ

'ಸಿಲಿಂಡರ್ ಸ್ಫೋಟ, ಮನೆ ಛಿದ್ರ' ಎಂಬ ತಲೆಬರಹ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಅದರ ಕೆಳಗಿನ ಚಿತ್ರವನ್ನು ಮಾತ್ರ ನಾವು ಸರಿಯಾಗಿ ನೋಡುವುದಿಲ್ಲ. ಗೋಡೆ ಬಾಯಿಬಿಟ್ಟಿರುತ್ತದೆ, ಶೀಟು ಹಾರಿರುತ್ತದೆ, ಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂದು ಅಂಗಳದಲ್ಲಿ ಬಿದ್ದಿರುತ್ತದೆ. ಎಷ್ಟೋ ಚಿತ್ರಗಳಲ್ಲಿ ಅಷ್ಟೆಲ್ಲದರ ನಡುವೆ ಸಿಲಿಂಡರ್ ಒಂದು, ಮೈಗೆಲ್ಲ ಮಸಿ ಮೆತ್ತಿಕೊಂಡು, ಇಡಿಯಾಗಿ ನಿಂತಿರುತ್ತದೆ. ಸಿಡಿದದ್ದು ಅದಲ್ಲ. ಸಿಡಿದದ್ದು ಮನೆ.

ಇದನ್ನು ಪದಗಳ ಜಗಳ ಎಂದು ತಳ್ಳಿಹಾಕಬೇಡಿ. ಸಿಲಿಂಡರ್ ಸಿಡಿಯಿತು ಅಂದುಬಿಟ್ಟರೆ ತಪ್ಪು ಕಂಪನಿಯದು, ಇಲ್ಲವೇ ಹಣೆಬರಹದ್ದು. ಮನೆ ಸಿಡಿಯಿತು ಅಂದರೆ ಕಿಟಕಿ ಎಲ್ಲಿತ್ತು, ಅದನ್ನು ಯಾಕೆ ಮುಚ್ಚಿದ್ದರು, ಆ ಮನೆಯನ್ನು ಹಾಗೆ ಕಟ್ಟಿದವರು ಯಾರು ಎಂದು ಕೇಳಬೇಕಾಗುತ್ತದೆ. ಎಂಬತ್ತು ತೊಂಬತ್ತರ ದಶಕದಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂದು ಬರುತ್ತಿದ್ದ ಸುದ್ದಿಗಳು ಹಿರಿಯರಿಗೆ ನೆನಪಿರಬೇಕು. ಅವುಗಳಲ್ಲಿ ಎಷ್ಟರ ಹಿಂದೆ ವರದಕ್ಷಿಣೆ ಇತ್ತು ಎಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲಷ್ಟೇ ತಿಳಿಯುತ್ತಿತ್ತು. ವಸ್ತುವನ್ನು ಕರ್ತೃ ಮಾಡಿ ವಾಕ್ಯ ಬರೆದರೆ ಮನುಷ್ಯರು ಪಾರಾಗುತ್ತಾರೆ. ಆಗ ಸ್ಟೌ, ಈಗ ಸಿಲಿಂಡರ್.

ಮೊದಲು ಆ ಕಬ್ಬಿಣದ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಮನೆಗಳಿಗೆ ಬರುವ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಅದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡರ ಮಿಶ್ರಣ. ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ. ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು ಮೇಲೆ ಒಂದಿಷ್ಟು ಖಾಲಿ ಬಿಟ್ಟೇ ತುಂಬುತ್ತಾರೆ. ಸುತ್ತಲೂ ಬೆಂಕಿ ಹೊತ್ತಿ ಸಿಲಿಂಡರ್ ಅದರೊಳಗೆ ಬೆಂದರೆ ಅದೂ ಸಿಡಿಯುತ್ತದೆ, ನಿಜ. ಆದರೆ ಅಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ. ಹಿಡಿಕೆಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಅಂದರೆ ಜೂನ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. 'ಬಿ 27' ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದದ್ದನ್ನು ಇಳಿಸಿದರೆ ವಾಪಸು ಕೊಡುವ ಹಕ್ಕು ನಿಮ್ಮದು. ಕಬ್ಬಿಣದ ಕತೆ ಇಷ್ಟೇ. ನನ್ನ ತಕರಾರು ಅದರ ಮೇಲಲ್ಲ, ಅದರೊಳಗಿಂದ ಹೊರಬಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ.

ಸ್ವಲ್ಪ ಲೆಕ್ಕ ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಸುಮಾರು 2 ಪಾಲು ಬೆರೆತರೆ ಹೊತ್ತಿಕೊಳ್ಳುವ ಹದಕ್ಕೆ ಬರುತ್ತದೆ. 9 ಪಾಲು ದಾಟಿದ ಮೇಲೆ ಗಾಳಿ ಸಾಲದೆ ಹೊತ್ತುವುದಿಲ್ಲ. ಇಡೀ ಕೋಣೆಯಲ್ಲಿ ಸಮನಾಗಿ ಹರಡಿದರೆ 2 ಪಾಲು ಆಗುವುದಕ್ಕೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಅನಿಲ ಸಾಕು. ಆದರೆ ಅದು ಸಮನಾಗಿ ಹರಡುವುದಿಲ್ಲ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ತೂಕ ಇರುವುದರಿಂದ ನೀರಿನ ಹಾಗೆ ನೆಲ ಹಿಡಿಯುತ್ತದೆ. ನೆಲದಿಂದ ಒಂದಡಿ ಎತ್ತರದವರೆಗೆ ಮಾತ್ರ ನಿಂತಿದೆ ಎಂದುಕೊಂಡರೆ ನೂರಿಪ್ಪತ್ತು ಗ್ರಾಮಿನಲ್ಲೇ ಕೆಲಸ ಆಗುತ್ತದೆ. ಒಂದು ಲೋಟ ಅಕ್ಕಿಯ ತೂಕವೂ ಇಲ್ಲ. ಇಷ್ಟು ಸೋರಿದ ಸಿಲಿಂಡರನ್ನು ಎತ್ತಿ ನೋಡಿದರೆ ಸೋರಿದ್ದು ಗೊತ್ತೇ ಆಗುವುದಿಲ್ಲ.

ಈಗ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ನಮ್ಮ ಒಲೆಗಳ ಕಡೆ ತಿರುಗೋಣ. ಕಡೂರಿನ ಕಡೆ ತೆಂಗಿನ ಗರಿ, ಮಟ್ಟೆ, ಚಿಪ್ಪು. ತರೀಕೆರೆಯ ತೋಟಗಳಲ್ಲಿ ಅಡಿಕೆಯ ಸೋಗೆ, ಲಕ್ಕವಳ್ಳಿ ಕಡೆಗೆ ಹೋದರೆ ಕಾಡಿನ ಸೌದೆ. ಅಜ್ಜಂಪುರದ ಎರೆಭೂಮಿಯಲ್ಲಿ ಹತ್ತಿಕಡ್ಡಿ, ಬೆರಣಿ. ಉರುವಲು ಬೇರೆಬೇರೆಯಾದರೂ ಹೊಗೆಯ ನಡತೆ ಒಂದೇ: ಮೇಲಕ್ಕೆ ಹೋಗುವುದು. ಅದನ್ನು ನೋಡಿಕೊಂಡೇ ನಮ್ಮ ಹಿರಿಯರು ಮನೆ ಕಟ್ಟಿದರು. ಗವಾಕ್ಷಿ, ಹೊಗೆಗೂಡು, ಹೆಂಚಿನ ಸಂದು, ಅಟ್ಟದ ಬಾಯಿ, ಎಲ್ಲವೂ ಮೇಲೆ. ಕೆಳಗೆ ತೂತು ಬಿಟ್ಟರೆ ಇಲಿ ಬರುತ್ತದೆ, ಹಾವು ಬರುತ್ತದೆ, ಕಳ್ಳ ಬರುತ್ತಾನೆ. ನೂರಾರು ವರ್ಷದ ಅನುಭವ ಮೇಲಿನ ಕಿಂಡಿಯನ್ನು ತೆರೆದು ಕೆಳಗಿನದನ್ನು ಮುಚ್ಚಲು ಕಲಿಸಿತು. ಅಂಥ ಮನೆಯ ಒಳಗೆ ನಾವು ತಂದಿಟ್ಟದ್ದು ಕೆಳಕ್ಕೆ ಇಳಿಯುವ ವಸ್ತುವನ್ನು. ಬೆಂಕಿಯ ಬಗ್ಗೆ ನಮ್ಮ ಹೆಂಗಸರಿಗೆ ಗೊತ್ತಿದ್ದಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಆ ತಿಳಿವಳಿಕೆಯೇ ಇಲ್ಲಿ ತಲೆಕೆಳಗಾಗಿ ಕೂತಿದೆ.

ಹಾಗಾದರೆ ನಮ್ಮ ಜನಕ್ಕೆ ಭಾರದ ಗಾಳಿಯ ಪರಿಚಯವೇ ಇರಲಿಲ್ಲವೇ? ಇತ್ತು. ಈ ಬಯಲುಸೀಮೆಯಲ್ಲಿ ಹಗೇವು ಇದ್ದ ಊರುಗಳವರಿಗೆಲ್ಲ ಇತ್ತು. ರಾಗಿ, ಜೋಳ ತುಂಬಿಟ್ಟ ನೆಲದ ಗುಂಡಿಯ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಂದಿಷ್ಟು ಹೊತ್ತು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕೆಟ್ಟ ಗಾಳಿ ಇನ್ನೂ ತಳದಲ್ಲಿದೆ ಎಂದು ಅರ್ಥ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗುಂಡಿಯ ತಳ ಬಿಟ್ಟು ಮೇಲೇಳದು. ಅವಸರಪಟ್ಟು ಇಳಿದವರು, ಅವರನ್ನು ಎತ್ತಲು ಇಳಿದವರು ಸತ್ತ ಕತೆಗಳು ಹಳೆಯ ತಲೆಮಾರಿನವರ ಬಾಯಲ್ಲಿ ಈಗಲೂ ಇವೆ.

ಕಿಟಕಿ ಮುಚ್ಚಿದ ಅಡುಗೆಮನೆ ಒಂದು ಹಗೇವು. ಒಂದೇ ವ್ಯತ್ಯಾಸ: ಅಲ್ಲಿ ದೀಪ ಆರುತ್ತಿತ್ತು, ಇಲ್ಲಿ ದೀಪ ಹೊತ್ತಿಸುತ್ತದೆ. ಇಷ್ಟು ಹೇಳಿದರೆ ಅಜ್ಜಂಪುರದ ಎಪ್ಪತ್ತು ವರ್ಷದ ರೈತನಿಗೆ ಅನಿಲದ ಗುಣ ಪೂರ್ತಿ ಅರ್ಥವಾಗುತ್ತದೆ. ಆದರೆ ಯಾರೂ ಹೇಳಲಿಲ್ಲ. ಕಂಪನಿಯವರು ಕೊಡುವ ಸುರಕ್ಷತಾ ಕರಪತ್ರದ ಕನ್ನಡ, ದೆಹಲಿಯಲ್ಲಿ ಯಾರೋ ಬರೆದದ್ದನ್ನು ಮುಂಬೈಯಲ್ಲಿ ಯಾರೋ ಭಾಷಾಂತರಿಸಿದ ಹಾಗಿರುತ್ತದೆ. 'ವಾತಾಯನ ವ್ಯವಸ್ಥೆಯನ್ನು ಖಚಿತಪಡಿಸಿಕೊಳ್ಳಿ' ಎಂದು ಓದಿದ ಯಾವ ತಾಯಿ ಎದ್ದುಹೋಗಿ ಕಿಟಕಿ ತೆರೆದಾಳು?

ಅವಳು ಕಿಟಕಿ ಮುಚ್ಚುವುದಕ್ಕೂ ಕಾರಣ ಉಂಟು. ಆಷಾಢದಲ್ಲಿ ಕಡೂರು ಬಯಲಿನ ಗಾಳಿಗೆ ಒಲೆಯ ಉರಿ ನಿಲ್ಲುವುದಿಲ್ಲ. ಉರಿ ಆರಿದರೂ ಅನಿಲ ಬರುತ್ತಲೇ ಇರುತ್ತದೆ ಎಂಬ ಭಯಕ್ಕೇ ಅವಳು ಕಿಟಕಿ ಹಾಕುವುದು. ತಪ್ಪೇನಿದೆ? ತಪ್ಪು ಆ ಕಿಟಕಿ ಒಲೆಯ ನೇರಕ್ಕೆ ಇರುವುದರಲ್ಲಿದೆ, ನೆಲದ ಮಟ್ಟದಲ್ಲಿ ಇನ್ನೊಂದು ದಾರಿ ಇಲ್ಲದಿರುವುದರಲ್ಲಿದೆ. ಸಿಲಿಂಡರ್ ಇಡುವ ಗೋಡೆಯ ಬುಡದಲ್ಲಿ, ಹೊರಗಿನ ಬಯಲಿಗೆ ತೆರೆದುಕೊಳ್ಳುವ, ಅಂಗೈ ಅಗಲದ ಒಂದು ಕಿಂಡಿ ಇದ್ದರೆ ಸಣ್ಣಪುಟ್ಟ ಸೋರಿಕೆ ರಾತ್ರಿಯಿಡೀ ತಾನಾಗಿ ಹರಿದುಹೋಗುತ್ತದೆ. ಇಲಿ, ಹಾವಿನ ಭಯಕ್ಕೆ ದಪ್ಪ ಕಬ್ಬಿಣದ ಜಾಲರಿ ಹಾಕಿದರಾಯಿತು. ಪೇಟೆಯ ಹೊಸ ಮನೆಗಳದ್ದು ಇನ್ನೊಂದು ಅವಾಂತರ: ಗ್ಯಾಸ್ ಕಟ್ಟೆಯ ಕೆಳಗೆ ಚೆಂದದ ಬಾಗಿಲು ಮಾಡಿಸಿ ಸಿಲಿಂಡರನ್ನು ಬೀರುವಿನಲ್ಲಿಟ್ಟ ಹಾಗೆ ಇಡುವುದು, ಪಕ್ಕದಲ್ಲೇ ಫ್ರಿಜ್ಜು. ಫ್ರಿಜ್ಜು ಯಾರನ್ನೂ ಕೇಳದೆ ನಡುರಾತ್ರಿ ತಾನೇ ಶುರುವಾಗುತ್ತದೆ. ಆಗ ಬರುವ ಒಂದು ಕಿಡಿ ಸಾಕು.

ಇಲಿಯ ಮಾತು ಬಂತು, ಹೇಳಿಬಿಡುತ್ತೇನೆ. ತೋಟದ ಮನೆಗಳಲ್ಲಿ ರಬ್ಬರ್ ಪೈಪಿಗೆ ಇಲಿಯಂಥ ಶತ್ರು ಇನ್ನೊಂದಿಲ್ಲ. ಎಣ್ಣೆ ಜಿಡ್ಡು ಹತ್ತಿದ ಪೈಪನ್ನು ರಾತ್ರಿ ಕಡಿಯುತ್ತದೆ. ಕೆಲವರು ಪೈಪು ಕೊಳೆಯಾಗಬಾರದೆಂದು ಬಟ್ಟೆ ಸುತ್ತುತ್ತಾರೆ. ಇಲಿ ಕಡಿದದ್ದೂ ಕಾಣುವುದಿಲ್ಲ, ಬಿರುಕು ಬಿಟ್ಟದ್ದೂ ಕಾಣುವುದಿಲ್ಲ. ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಐದು ವರ್ಷ ಆಯಸ್ಸು, ಒಂದೂವರೆ ಮೀಟರಿಗಿಂತ ಉದ್ದ ಇರಬಾರದು. ಬಾಗಿಲಾಚೆ ಸಿಲಿಂಡರ್ ಇಟ್ಟು ಐದಾರು ಮೀಟರ್ ಪೈಪ್ ಎಳೆಯುವವರು ಒಂದು ಅಪಾಯ ಕಳೆದು ಎರಡು ಕೊಳ್ಳುತ್ತಾರೆ. ಐದು ವರ್ಷಕ್ಕೊಮ್ಮೆ ಏಜೆನ್ಸಿಯ ಮೆಕ್ಯಾನಿಕ್ ಬಂದು ತಪಾಸಣೆ ಮಾಡಬೇಕು ಎಂಬ ನಿಯಮವನ್ನು ನಮ್ಮ ಜನ ನಂಬುವುದಿಲ್ಲ. ಪೈಪ್ ಮಾರಲು ಬರುತ್ತಾರೆ ಎಂಬುದು ಅವರ ಗುಮಾನಿ. ನಮ್ಮ ಮನೆಗೆ ಒಮ್ಮೆ ಬಂದವನು ಸಿಲಿಂಡರ್ ಇಟ್ಟ ಮೂಲೆಯನ್ನು ಬಗ್ಗಿಯೂ ನೋಡದೆ, ಹೊಸಿಲ ಹೊರಗೇ ನಿಂತು ರಸೀತಿ ಹರಿದುಕೊಟ್ಟು ಹೋದ. ಹಾಗಾಗಿ ಗುಮಾನಿಯನ್ನು ಪೂರ್ತಿ ತಪ್ಪು ಎನ್ನಲಾರೆ. ಆದರೆ ಪೈಪಿನ ಆಯಸ್ಸು ನಿಜ.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ಮಾರನೆಯ ವರ್ಷ ಕರ್ನಾಟಕ ಸರ್ಕಾರ ಅನಿಲ ಭಾಗ್ಯ ಎಂದಿತು. ದೇಶದಲ್ಲಿ ಉಜ್ವಲಾ ಒಂದರಿಂದಲೇ 10 ಕೋಟಿಗೂ ಹೆಚ್ಚು ಮನೆಗೆ ಸಂಪರ್ಕ ಬಂತು. ನಮ್ಮ ತಾಂಡಾ, ಹಟ್ಟಿ, ಕಾಲೊನಿಗಳಿಗೂ ಬಂತು. ಅದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಸಂಪರ್ಕ ಬಂದಷ್ಟು ವೇಗದಲ್ಲಿ ಅರಿವು ಬರಲಿಲ್ಲ, ಅಷ್ಟೇ. ಗ್ಯಾಸ್ ಗಾಡಿ ಟಾರು ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ತೋಟದ ಮನೆಗೆ ಮೊಪೆಡ್ಡಿನ ಮೇಲೆ ಅಡ್ಡ ಮಲಗಿಸಿ ಕಟ್ಟಿಕೊಂಡೋ, ಕಾಲಲ್ಲಿ ಉರುಳಿಸಿಕೊಂಡೋ ಒಯ್ಯಬೇಕು. ತಂದುಕೊಡುವವನು ಸೀಲು ತೆಗೆದು, ಸೋರಿಕೆ ಇದೆಯೇ ನೋಡಿ, ಕೇಳಿದರೆ ತೂಗಿ ತೋರಿಸಿ ಹೋಗಬೇಕು ಎಂಬುದು ನಿಯಮ. ಓಟಿಪಿ ಕೇಳುವುದನ್ನು ಯಾರೂ ಮರೆಯುವುದಿಲ್ಲ. ಸಿಲಿಂಡರಿನ ಬಾಯಿಯೊಳಗಿನ ಸಣ್ಣ ರಬ್ಬರ್ ವಾಷರ್ ಹರಿದಿದೆಯೇ ಎಂದು ನೋಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಅವಘಡ ಆದ ಮೇಲೆ 'ಮಹಿಳೆಯ ಅಜಾಗರೂಕತೆ' ಎಂದು ಒಂದು ಸಾಲು ಬರೆದರೆ ಏಜೆನ್ಸಿ, ಮೇಸ್ತ್ರಿ, ಮನೆಯ ಯಜಮಾನ ಮೂವರೂ ಬಿಡುಗಡೆ. ಪೈಪ್ ಬದಲಿಸಲು ದುಡ್ಡು ಕೇಳಿದಾಗ ಮುಂದಿನ ತಿಂಗಳು ನೋಡೋಣ ಅಂದವರ ಹೆಸರು ಆ ಸಾಲಿನಲ್ಲಿ ಇರುವುದಿಲ್ಲ.

ಮನೆಯಾಚೆ ಅಂತೂ ಜವಾಬ್ದಾರಿ ಯಾರ ತಲೆಗೂ ಇಲ್ಲ. 2024ರ ಡಿಸೆಂಬರ್ 22ರ ರಾತ್ರಿ ಹುಬ್ಬಳ್ಳಿಯ ಉಣಕಲ್ ಭಾಗದ ಅಚ್ಚವ್ವನ ಕಾಲೊನಿಯಲ್ಲಿ, ದೇವಸ್ಥಾನದ ಕೋಣೆಯಲ್ಲಿ ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದರು. ಅಡುಗೆಯ ಸಿಲಿಂಡರ್ ಅಲ್ಲೇ ಇತ್ತು. ಸೋರಿದ ಅನಿಲಕ್ಕೆ ಉರಿಯುತ್ತಿದ್ದ ದೀಪದಿಂದ ಬೆಂಕಿ ತಗುಲಿತು ಎಂದು ಪತ್ರಿಕೆಗಳು ಬರೆದವು. ಒಂದೊಂದು ದಿನಕ್ಕೆ ಒಬ್ಬಿಬ್ಬರಂತೆ ಎಂಟು ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರು. ನೆಲದ ಮೇಲೆ ಚಾಪೆ ಹಾಸಿ ಮಲಗುವುದು ವ್ರತದ ನಿಯಮ. ಅನಿಲ ನಿಲ್ಲುವುದೂ ಅದೇ ಎತ್ತರದಲ್ಲಿ. ವಾಸನೆ ಬರಲೆಂದು ಅನಿಲಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಆದರೆ ನಿದ್ದೆಯಲ್ಲಿರುವವನನ್ನು ವಾಸನೆ ಎಬ್ಬಿಸುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಡಿಸೆಂಬರ್ ಬಂದರೆ ನಮ್ಮ ಊರೂರಿನಲ್ಲೂ ಅಯ್ಯಪ್ಪ ಸನ್ನಿಧಾನದ ಚಪ್ಪರಗಳು ಏಳುತ್ತವೆ. ಅಲ್ಲಿ ಒಂದೇ ಒಂದು ನಿಯಮ ಸಾಕು: ಸಿಲಿಂಡರ್ ಇರುವ ಕಡೆ ಯಾರೂ ಮಲಗಬಾರದು, ಮಲಗುವ ಕಡೆ ಸಿಲಿಂಡರ್ ಇರಬಾರದು. ಗುರುಸ್ವಾಮಿ ಹೇಳಿದರೆ ಕೇಳದವರು ಯಾರು?

ಅಂತರಘಟ್ಟೆ ಅಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುವವರು ಮೂರು ಕಲ್ಲು ಹೂಡಿ ಅಡುಗೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಈಗ ಗಾಡಿಗಳ ಜೊತೆ ಟ್ರ್ಯಾಕ್ಟರೂ ಸಿಲಿಂಡರೂ ಬಂದಿವೆ. ಬಯಲಿನಲ್ಲಿ ಗಾಳಿ ಆಡುತ್ತದೆ, ಭಯ ಕಡಿಮೆ ಎಂಬುದು ಅರ್ಧ ಸತ್ಯ. ತಗ್ಗು, ಕಾಲುವೆ, ಟಾರ್ಪಾಲು ಕಟ್ಟಿದ ಗಾಡಿಯ ಒಳಗು, ಇಲ್ಲೆಲ್ಲ ಅನಿಲ ತಂಗುತ್ತದೆ. ಹುಲ್ಲು, ಜನ, ಎತ್ತು ಎಲ್ಲವೂ ಒತ್ತೊತ್ತಾಗಿರುವ ಜಾಗದಲ್ಲಿ ಓಡಲು ದಾರಿಯೂ ಇರುವುದಿಲ್ಲ. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಯ ದಾರಿಯಲ್ಲಿ ಕಾರು ನಿಲ್ಲಿಸಿ, ಫೆಬ್ರವರಿಯ ಒಣ ಹುಲ್ಲಿನ ಪಕ್ಕ ಪುಟ್ಟ ಸಿಲಿಂಡರ್ ಹೂಡಿ ಚಹಾ ಕಾಯಿಸುವವರ ಬಗ್ಗೆ ಏನು ಹೇಳಲಿ? ಆಚೆ ಇರುವುದು ಭದ್ರಾ ಅಭಯಾರಣ್ಯ.

ಮದುವೆ ಮನೆಯ ಅಡುಗೆ ಭಟ್ಟರಲ್ಲಿ ಇನ್ನೊಂದು ರೂಢಿ ಉಂಟು. ದೊಡ್ಡ ಒಲೆ ಅನಿಲವನ್ನು ಜೋರಾಗಿ ಎಳೆದಾಗ ಸಿಲಿಂಡರ್ ತಣ್ಣಗಾಗಿ ಮೈಮೇಲೆ ಹಿಮ ಕಟ್ಟುತ್ತದೆ, ಉರಿ ಸಣ್ಣದಾಗುತ್ತದೆ. ಆಗ ಬುಡಕ್ಕೆ ಬಿಸಿನೀರು ಸುರಿಯುವುದು, ಅಡ್ಡ ಮಲಗಿಸುವುದು, ಇನ್ನೂ ಧೈರ್ಯವಂತರು ಕೆಂಡ ಸರಿಸುವುದು. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ಬರುತ್ತದೆ, ಬಂದದ್ದು ಸುಮಾರು 250 ಪಟ್ಟು ಹಿಗ್ಗುತ್ತದೆ. ಒಲೆಯ ಬಾಯಲ್ಲಿ ಆಳೆತ್ತರದ ಜ್ವಾಲೆ ಏಳುವುದು ಆಗಲೇ. ನೂರು ಕೆಜಿಗಿಂತ ಹೆಚ್ಚು ಅನಿಲ ಒಂದೆಡೆ ಇಡಲು ಪರವಾನಗಿ ಬೇಕು ಎನ್ನುತ್ತದೆ ಕಾನೂನು. ಮನೆಬಳಕೆಯ ಸಿಲಿಂಡರಾದರೆ ಏಳು, ಅಷ್ಟೇ. ಮನೆಬಳಕೆಯದನ್ನು ಮದುವೆಗೆ ತರುವುದೇ ನಿಯಮಕ್ಕೆ ವಿರುದ್ಧ ಎಂಬುದು ಆಮೇಲಿನ ಮಾತು. ಗ್ರಾಹಕರಿಂದ ಬಿಡಿಗಾಸು ತೆಗೆದುಕೊಳ್ಳದೆ ತೈಲ ಕಂಪನಿಗಳು ಮಾಡಿಸಿರುವ ವಿಮೆ ಇದೆ. ಜೀವ ಹೋದರೆ ತಲಾ 6 ಲಕ್ಷ ರೂಪಾಯಿವರೆಗೆ ಪರಿಹಾರ. ಆದರೆ ಆಸ್ತಿ ಹಾನಿಗೆ ದುಡ್ಡು ಸಿಗುವುದು ನೋಂದಾಯಿಸಿದ ವಿಳಾಸದಲ್ಲಿ ಅವಘಡ ಆದರೆ ಮಾತ್ರ.

ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ತೀರ್ಥಯಾತ್ರೆಗೆ ಹೋಗುವವರು 2023ರ ಆಗಸ್ಟ್ 26 ನೆನಪಿಡಲಿ. ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಯಾರೋ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಎದ್ದು ಒಂಬತ್ತು ಯಾತ್ರಿಕರು ಸತ್ತರು.

ಇಷ್ಟೆಲ್ಲ ಓದಿ 'ಅದಕ್ಕೇ ನಾವು ಸೌದೆ ಒಲೆ ಬಿಡಲಿಲ್ಲ' ಎಂದು ತಲೆಯಾಡಿಸುವ ಹಿರಿಯರಿದ್ದಾರೆ. ಅವರ ವಾದವನ್ನು ಹಗುರವಾಗಿ ಕಾಣಬಾರದು. ಒಲೆ ಸಿಡಿಯುವುದಿಲ್ಲ, ನಿಜ. ಆದರೆ ಒಲೆ ಕೊಲ್ಲುವುದು ಸದ್ದಿಲ್ಲದೆ. ಮನೆಯೊಳಗಿನ ಹೊಗೆಯಿಂದ 2019ರಲ್ಲಿ ಭಾರತದಲ್ಲಿ ಸುಮಾರು 6 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಅವರ ಫೋಟೊ ಯಾವ ಪತ್ರಿಕೆಯಲ್ಲೂ ಬರಲಿಲ್ಲ; ಕೆಮ್ಮಿ ಕೆಮ್ಮಿ ಸತ್ತ ಅಜ್ಜಿಯ ಸಾವು ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಗೆಳೆಯರು 1974ರಲ್ಲಿ ಅಸ್ತ್ರ ಕೇಂದ್ರ ಕಟ್ಟಿದರು; ಮುಂದೆ ಅಲ್ಲಿಂದ ಅಸ್ತ್ರ ಒಲೆ ಹೊರಬಂದದ್ದರ ಹಿಂದೆ ಈ ಹೊಗೆಯ ಚಿಂತೆಯೂ ಇತ್ತು. ಹಿಂದಕ್ಕೆ ಹೋಗುವುದು ಉತ್ತರವಲ್ಲ. ಸ್ನಾನದ ಹಂಡೆಯ ಒಲೆ ತೆಗೆದು ಗ್ಯಾಸ್ ಗೀಸರ್ ಕೂರಿಸಿದವರಿಗೆ ಮಾತ್ರ ಒಂದು ಮಾತು: ಮುಚ್ಚಿದ ಬಚ್ಚಲಿನಲ್ಲಿ ಅದು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೀಸರನ್ನು ಬಚ್ಚಲ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ.

ಅಮೆರಿಕದಲ್ಲಿರುವ ನಮ್ಮ ಕಡೆಯ ಮಕ್ಕಳು ಹಿತ್ತಿಲಲ್ಲಿ ಜೋಳ ಸುಡಲು ಪ್ರೊಪೇನ್ ತೊಟ್ಟಿ ಇಟ್ಟಿರುತ್ತಾರೆ. ಆ ಚಳಿಗೆ ಬ್ಯೂಟೇನ್ ಆವಿಯಾಗದು, ಸೊನ್ನೆ ಡಿಗ್ರಿಯ ಹತ್ತಿರವೇ ದ್ರವವಾಗಿ ನಿಂತುಬಿಡುತ್ತದೆ; ಪ್ರೊಪೇನ್ ಮೈನಸ್ 42ರಲ್ಲೂ ಕುದಿಯುತ್ತದೆ. ಅಲ್ಲಿ ಆ ತೊಟ್ಟಿಯನ್ನು ಮನೆಯೊಳಗೆ ಇಡುವ ಹಾಗೇ ಇಲ್ಲ. ನಾವು ಒಳಗಿಟ್ಟೇ ಬದುಕಬೇಕಾದವರು. ಹಾಗಾಗಿ ಗೋಡೆಯನ್ನೇ ತಿದ್ದಬೇಕು.

ಇಲ್ಲಿ ನನ್ನದೊಂದು ಬೇಡಿಕೆ ಇದೆ. ಬಸವ ವಸತಿ ಮುಂತಾದ ಯೋಜನೆಗಳಲ್ಲಿ ಮನೆ ಕಟ್ಟುವವರಿಗೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಣ ಬಿಡುವುದು ಹಂತ ಹಂತವಾಗಿ. ತಳಪಾಯ, ಕಿಟಕಿ ಮಟ್ಟ, ಛಾವಣಿ, ಮುಕ್ತಾಯ, ಪ್ರತಿ ಹಂತದಲ್ಲೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೊ ತೆಗೆದರೆ ಮಾತ್ರ ಮುಂದಿನ ಕಂತು. ಆ ಫೋಟೊಗಳ ಜೊತೆಗೆ ಇನ್ನೊಂದು ಸೇರಲಿ: ಅಡುಗೆಮನೆಯ ಗೋಡೆಯ ಬುಡದಲ್ಲಿ ಜಾಲರಿ ಹಾಕಿದ ಕಿಂಡಿ. ಗೋಡೆ ಏಳುವಾಗಲೇ ಒಂದೆರಡು ಇಟ್ಟಿಗೆ ಬಿಟ್ಟು ಕಟ್ಟಿದರೆ ಖರ್ಚು ಜಾಲರಿಯದಷ್ಟೇ. ಕಡೂರು, ತರೀಕೆರೆ, ಅಜ್ಜಂಪುರ ಮೂರು ತಾಲ್ಲೂಕು ಪಂಚಾಯಿತಿಗಳು ಇದನ್ನು ತಮ್ಮಷ್ಟಕ್ಕೆ ಠರಾವು ಮಾಡಿ ನಿಗಮಕ್ಕೆ ಬರೆಯಬಹುದು.

ಠರಾವಿಗೆ ಕಾಯಲಾಗದವರು ಇವತ್ತು ಸೋಪಿನ ನೊರೆ ಮಾಡಿ ರೆಗ್ಯುಲೇಟರ್ ಸುತ್ತ, ಪೈಪಿನ ಎರಡೂ ತುದಿಗೆ ಹಚ್ಚಿ ನೋಡಿ. ಕಡ್ಡಿ ಗೀರಿ ನೋಡಬೇಡಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಲೈಟಿನ ಸ್ವಿಚ್ಚು ಮುಟ್ಟದೆ ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿಗೆ ದಾರ ಕಟ್ಟಿದ ಮುಚ್ಚಳ ಹಾಕಿ ಬಯಲಿಗೆ ಒಯ್ಯಿರಿ. ಅಂಗಳಕ್ಕೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಹಗಲಿರಲಿ ರಾತ್ರಿಯಿರಲಿ, ಆ ನಂಬರ್ ಇರುವುದು ಇದಕ್ಕೇ.